ಎಂಟು ಬಾಯಿಯ ಪೆಟ್ಟಿಗೆ

ಬಾಲ್ಟಿಕ್ ಕಡಲಿನ ಗಾಳಿ ಪೈನ್ ಕಾಡು ದಾಟಿ ಬಂದು
ಕಿಟಕಿಯ ರಬ್ಬರು ಪಟ್ಟಿ ನೆಕ್ಕುವ ಫೆಬ್ರವರಿ.
ಆಂಟೆನಾದ ಬೋಗುಣಿಯಲ್ಲಿ ಹಿಮ.
ಸ್ಕೈದ್ರೀತೆ ಬೆಸುಗೆ ಕಡ್ಡಿ ಹಿಡಿದು ಕೂತಿದ್ದಾಳೆ
ಕನ್ನಡಕ ಹಣೆಗೇರಿಸಿ.

ಕೆಳಗೆ ನೆಲಮಾಳಿಗೆಯಲ್ಲಿ,
ತನ್ನದೇ ಪುಟ್ಟ ಒಲೆಯ ಕಾವಿನಲ್ಲಿ,
ಹರಳೊಂದು ಸೆಕೆಂಡಿಗೆ ಕೋಟಿ ಸಲ ಮಿಡಿಯುತ್ತದೆ.
ಒಂದೇ ಕೋಟಿ. ಮೇಲೊಂದಿಲ್ಲ, ಕೆಳಗೊಂದಿಲ್ಲ.
ಎಂಟು ಕೋಣೆಗೂ ಅದೇ ಮಿಡಿತ ಬೇಕು.

ಹಳೆಯ ಪೆಟ್ಟಿಗೆಗೆ ದಾಕ್ಷಿಣ್ಯ ಜಾಸ್ತಿ:
ಮೂರನೆಯ ಕೋಣೆಯಲ್ಲಿ ಯಾರೋ ಕೇಬಲ್ ಕಿತ್ತರೆ
ಏಳನೆಯದರ ಗಡಿಯಾರ ಎಡವುತ್ತಿತ್ತು.
‘ಕೇಳುವವರಿಲ್ಲದ ಮಾತು ತಂತಿಯ ತುದಿ ಮುಟ್ಟಿ
ಬಂದ ದಾರೀಲೇ ವಾಪಸ್ಸು ಬರುತ್ತೆ, ಒಯಾರ್ಸ್,
ಬಂದು ಮನೆಮಂದಿಯನ್ನೆಲ್ಲ ಎಬ್ಬಿಸುತ್ತೆ.’

ಅದಕ್ಕೇ ಹೊಸದರಲ್ಲಿ ಬಾಯಿಗೊಂದರಂತೆ ಎಂಟು ಡ್ರೈವರು.
ಪ್ರತಿ ಹೊಸ್ತಿಲಿಗೂ ಐವತ್ತು ಓಮಿನ ರೆಸಿಸ್ಟರು.
ಅರ್ಧ ವೋಲ್ಟೇಜು ಅಲ್ಲೇ ಸುಂಕ.
ಅರ್ಧಕ್ಕರ್ಧ ಹೀಗೆ ಬಿಸಿಯಾಗಿ ಹೋಗಬೇಕೆ, ಅಂತ ಕೇಳಿದೆ.
‘ಹೋಗಲಿ. ಎರಡರಷ್ಟು ಕೊಟ್ಟು ಕಳಿಸಿದರಾಯ್ತು.
ತಿರುಗಿ ಬಂದದ್ದು ಜಗಲಿಯಲ್ಲೇ ಇಂಗಲಿ.’
ಆಚೆಗೊಂದು ಗೋಲಿಯಷ್ಟು ಟ್ರಾನ್ಸ್‌ಫಾರ್ಮರು:
ಕರೆಂಟಿನ ಐವತ್ತು ಹರ್ಟ್ಜಿನ ಗೊಣಗು
ನೆಲದ ತಂತಿ ಹಿಡಿದು ನುಸುಳದ ಹಾಗೆ.

ಹನ್ನೊಂದೂವರೆಗೆ ಫೋನು ಬಂತು.
ಕಾರಿಡಾರಿನಲ್ಲಿ ನಿಂತು ಆಡಿದಳು; ಆಡಿದ್ದು ಕಡಿಮೆ.
ಲಿಯೆಪಾಯ. ಆಸ್ಪತ್ರೆ. ಅಕ್ಕ.
ನನ್ನ ಕಿವಿಗೆ ಬಿದ್ದದ್ದು ಇಷ್ಟೇ.
ಒಳಗೆ ಬಂದು ಸ್ಟೂಲು ಎಳೆದುಕೊಂಡು
‘ಎಲ್ಲಿದ್ವಿ?’ ಅಂದಳು.
‘ಐದನೆಯದರಲ್ಲಿ.’

ಸ್ಕ್ರೂಡ್ರೈವರಿನ ತುದಿಯನ್ನು ಐದನೆಯ ಬಾಯಿಗಿಟ್ಟು
ನಡುವಿನ ಪಿನ್ನನ್ನೂ ಸುತ್ತಿನ ಉಂಗುರವನ್ನೂ ಒಂದು ಮಾಡಿದಳು.
ಶಾರ್ಟು. ಐದು ಸತ್ತಿತು.
ಪರದೆಯ ಮೇಲೆ ಆರನೆಯದರ ಅಲೆ
ಕೂದಲೆಳೆಯಷ್ಟೂ ಕದಲಲಿಲ್ಲ.
ನಾಲ್ಕು? ಇಲ್ಲ. ಎಂಟು?
ಅದಕ್ಕೂ ಸುದ್ದಿ ಮುಟ್ಟಿಲ್ಲ.
‘ಬರೆದುಕೋ, ನೂರಾ ಹನ್ನೆರಡು ಡೆಸಿಬಲ್.’
ಬರೆದುಕೊಂಡೆ.

ಬರೆದು ಮುಗಿದ ಮೇಲೂ
ಸ್ಕ್ರೂಡ್ರೈವರನ್ನು ಅವಳು ತೆಗೆಯಲಿಲ್ಲ.
ಇನ್ನೊಂದು ಕೈಯ ಕಿರುಬೆರಳು ರೆಸಿಸ್ಟರಿನ ಮೇಲೆ,
ಮಗುವಿನ ಜ್ವರ ನೋಡುವ ಹಾಗೆ.
‘ಬೆಚ್ಚಗಾಗಿದೆ. ಸುಡುತ್ತಿಲ್ಲ,’ ಅಂದಳು.
‘ಇನ್ನೂ ಸ್ವಲ್ಪ ಹೊತ್ತು ತಡೆಯುತ್ತೆ.’

ಆಮೇಲೆ ಮುಚ್ಚಳ ಹಾಕಿ, ನಾಲ್ಕು ತಿರುಪು ಬಿಗಿದು,
ಲಿಯೆಪಾಯದ ಬಸ್ಸಿಗೆ ಇನ್ನೆಷ್ಟು ಹೊತ್ತಿದೆ ಎಂದಳು.
ಮಣಿಕಟ್ಟು ನೋಡಿಕೊಂಡೆ.
ನನ್ನ ಕೈಗಡಿಯಾರ
ಮೂರು ನಿಮಿಷವೋ ನಾಲ್ಕೋ
ಹಿಂದಿತ್ತು.