ಚಕ್ರಬಡ್ಡಿ

ಉಣ್ಣೆ ಗಿರಣಿಯಲ್ಲಿ ಮೂವತ್ತೆಂಟು ವರ್ಷ
ಲೆಕ್ಕ ಬರೆದವರು ಎರ್ಮೀನಿಯಾ.
ಬಿಯೆಲ್ಲಾದ ಆ ಗಿರಣಿ ಮುಚ್ಚಿದ ಸಂಜೆ
ಕೊನೆಯ ಪುಟಕ್ಕೆ ಗೆರೆ ಎಳೆದು
ಪೆನ್ನಿಗೆ ಮುಚ್ಚಳ ಹಾಕಿ ಎದ್ದುಬಂದರಂತೆ.
ಶನಿವಾರ ನನ್ನ ಗ್ಯಾರೇಜಿನ ಬಾಗಿಲಲ್ಲಿ ನಿಂತರು,
ಕಂಕುಳಲ್ಲಿ ಚೌಕಳಿ ಹಾಳೆಯ ಪುಸ್ತಕ.

"ಒಂದು ಹಳೇ ಕಾರು ಬೇಕು, ಸೆವೆರೀನೋ.
ಓಡಿಸಿದರೆ ಮೈ ಜುಮ್ಮೆನ್ನಬೇಕು,
ಮಾರಿದರೆ ದುಡ್ಡು ಕರಗಿರಬಾರದು."

ನಕ್ಕೆ. ಎಲ್ಲರೂ ಕೇಳುವುದು ಇದನ್ನೇ,
ಇಷ್ಟು ನೇರವಾಗಿ ಅಲ್ಲ.

ಮೊದಲು ಕೆಂಪನ್ನು ತೋರಿಸಿದೆ.
ಆಲ್ಫಾ ಸ್ಪೈಡರ್. ಪ್ಲಾಸ್ಟಿಕ್ ಗುಳ್ಳೆಯೊಳಗೆ
ಹದವಾದ ಗಾಳಿ ಕುಡಿಯುತ್ತ ಮಲಗಿತ್ತು,
ನಾಲ್ಕೇ ಸಾವಿರ ಕಿಲೋಮೀಟರಿನ ಕೂಸು,
ವಯಸ್ಸು ಐವತ್ತೆರಡು.
ಎಂಜಿನ್ನಿನ ನಂಬರು, ಕಾಗದದ ನಂಬರು ಒಂದೇ.
ಕಾರ್ಖಾನೆಯ ಬಣ್ಣ. ಕಾರ್ಖಾನೆಯ ಜ್ಯಾಕು,
ಅದರ ಎಣ್ಣೆಕಾಗದ ಕೂಡ ಬಿಚ್ಚಿಲ್ಲ.
"ಯಾರದಿದು?"
"ಟೈಲ್ಸ್ ವ್ಯಾಪಾರಿಯೊಬ್ಬನದು. ಭಾನುವಾರ ಬಂದು
ಗುಳ್ಳೆಯ ಹೊರಗೆ ಕುರ್ಚಿ ಹಾಕಿ ನೋಡುತ್ತ ಕೂರುತ್ತಿದ್ದ."
"ಓಡಿಸಲಿಲ್ಲವೆ?"
"ಓಡಿಸಿದರೆ ಬೆಲೆ ಇಳಿಯುತ್ತದಲ್ಲ."
ಅವರು ಏನೋ ಬರೆದುಕೊಂಡರು.
ಆಮೇಲೆ, ತಮಗೇ ಎಂಬಂತೆ:
"ಚಕ್ರ ತಿರುಗದ ಚಕ್ರಬಡ್ಡಿ."

ಸುಳ್ಳು ಹೇಳಲಾರೆ, ನಿಂತ ಕಾರಿಗೂ ಮುಪ್ಪು ಬರುತ್ತದೆ.
ಸೀಲಿನ ರಬ್ಬರು ಒಣಗಿ ಹಪ್ಪಳ,
ಟ್ಯಾಂಕಿನ ತಳದಲ್ಲಿ ಪೆಟ್ರೋಲು ಅಂಟಾಗಿ
ಹಳೇ ಪಿಟೀಲಿನ ವಾರ್ನಿಷ್ಷಿನ ವಾಸನೆ.
ಇದನ್ನೂ ಹೇಳಿದೆ. ಅದನ್ನೂ ಬರೆದುಕೊಂಡರು.

ಮೂಲೆಯಲ್ಲಿ ನನ್ನ ಫುಲ್ವಿಯಾ.
ನೀಲಿ ಅನ್ನಬಹುದು, ಬಿಸಿಲು ಬಿದ್ದ ಕಡೆ ಬೂದಿ.
ಒಂದು ಲಕ್ಷ ತೊಂಬತ್ತು ಸಾವಿರ, ಮೀಟರು ಸುಳ್ಳಾಡದಿದ್ದರೆ.
ಎರ್ಮೀನಿಯಾ ಚೀಲದಿಂದ ಫ್ರಿಜ್ಜಿನ ಅಯಸ್ಕಾಂತ ತೆಗೆದರು,
ಸ್ಯಾನ್ ರೆಮೋದ ತಾಳೆಮರದ ಚಿತ್ರವಿರುವಂಥದ್ದು,
ಬಾಗಿಲ ಕೆಳ ಅಂಚಿನುದ್ದಕ್ಕೂ ಹಿಡಿದು ನಡೆದರು.
ಅಂಟಿತು, ಅಂಟಿತು, ಒಂದೆಡೆ ಜಾರಿ ಬಿತ್ತು.
"ಇಲ್ಲಿ ಮೆತ್ತಿದ್ದೀಯ."
ಮೆತ್ತಿದ್ದೆ. ತೊಂಬತ್ತಾರರಲ್ಲಿ. ಒಪ್ಪಿಕೊಂಡೆ.
ಮೇಲೆ ಥಳುಕು ಒಳಗೆ ಹುಳುಕು ಅನ್ನುವ ಹಾಗಿಲ್ಲ,
ಇದಕ್ಕೆ ಮೇಲೂ ಥಳುಕಿಲ್ಲ.

ಓರೋಪಾದ ಘಾಟಿಗೆ ಹೊರಟೆವು, ಅವರೇ ಚಕ್ರ ಹಿಡಿದು.
ಒಂದನೇ ಗೇರು ಎಡಕ್ಕೆಳೆದು ಹಿಂದಕ್ಕೆ,
ಅಲ್ಲಲ್ಲ, ಹಿಂದಕ್ಕೆ.
ಮೊದಲ ತಿರುವಿನಲ್ಲಿ ಕಾರನ್ನು ಹೆದರಿಸಿದರು,
ಎರಡನೆಯದರಲ್ಲಿ ಕಾರು ಅವರನ್ನು.
ನಾಲ್ಕನೆಯದೋ ಐದನೆಯದೋ, ಚೆಸ್ಟ್‌ನಟ್ ಮರಗಳ ನೆರಳಲ್ಲಿ,
ಇಬ್ಬರಿಗೂ ಮಾತು ಹೊಂದಿತು.
ಮುಂದಿನ ಗಾಲಿಗಳು ರಸ್ತೆಯನ್ನು
ದಾರದುಂಡೆಯಿಂದ ಎಳೆದ ಹಾಗೆ ಎಳೆದುಕೊಂಡವು.
ಎಂಜಿನ್ನು ಐದು ಸಾವಿರ ದಾಟಿದಾಗ
ಲೆಕ್ಕದ ಹೆಂಗಸು ಕೂಗಿದರು.
ಪದವಲ್ಲ, ಬರೀ ಕೂಗು.

ಮೇಲೆ ಕಾಫಿ ಕುಡಿಯುತ್ತ ಪುಸ್ತಕ ಬಿಚ್ಚಿದರು.
"ನನಗೆ ಅರವತ್ತೇಳು. ಈ ಎಡಮೊಣಕಾಲು
ಕ್ಲಚ್ಚು ತುಳಿಯುವುದು ಇನ್ನೊಂಬತ್ತು ವರ್ಷ.
ವರ್ಷಕ್ಕೆ ಒಳ್ಳೆ ಬಿಸಿಲಿನ ಭಾನುವಾರ ಇಪ್ಪತ್ತು.
ನೂರ ಎಂಬತ್ತು. ಶೀತ, ಮದುವೆ, ಶವಯಾತ್ರೆ ಕಳೆ.
ನೂರ ಐವತ್ತು ಇಟ್ಟುಕೋ."
ಬೆಲೆಯನ್ನು ನೂರ ಐವತ್ತರಿಂದ ಭಾಗಿಸಿದರು.
ಬಂದ ಮೊತ್ತ ನನಗೆ ತೋರಿಸಲಿಲ್ಲ.
"ಮಾರುವಾಗ ಬರುವುದು ನನ್ನ ತಂಗಿಯ ಮಗನ ಲಾಭ.
ಅವನಿಗೆ ಕೆಂಪು ಇಷ್ಟವಾಗುತ್ತಿತ್ತು."

ಅಷ್ಟರಲ್ಲಿ ನನಗೇನಾಯಿತೋ,
"ಸಾವಿರ ಹೆಚ್ಚಾಗುತ್ತದೆ" ಅಂದುಬಿಟ್ಟೆ.
"ಹೊಸ ಪ್ಲಗ್ಗು, ಮತ್ತೆ ಬ್ರೇಕಿನ..."
ಕಣ್ಣದ್ದೆ ಇಳಿಸಿ ನೋಡಿದರು,
ಸುಳ್ಳು ರಸೀದಿ ಹಿಡಿದ ಗುಮಾಸ್ತನನ್ನು ನೋಡುವ ಹಾಗೆ.
"ನಿನಗೆ ಕೊಡಲು ಮನಸ್ಸಿಲ್ಲ.
ಹಾಗಾದರೆ ಕಾರು ಒಳ್ಳೆಯದು.
ಹಳೇ ಬೆಲೆ. ಮೆತ್ತಿದ ಜಾಗಕ್ಕೆ ಇನ್ನೂರು ವಜಾ."

ಕೀಲಿ ಕೊಟ್ಟೆ. ಮಂಜಿನ ದಿನ ಚೋಕು ಅರ್ಧ ಮಾತ್ರ ಎಳೆಯಿರಿ ಅಂದೆ.
ಮಳೆಗೆ ಬಲಗಡೆಯ ವೈಪರು ಮುನಿಸಿಕೊಳ್ಳುತ್ತದೆ ಅಂದೆ.
ಇನ್ನೂ ಏನೇನೋ ಅಂದೆ.

ಗೇಟಿನ ಬಳಿ ಗೇರು ತಪ್ಪಿಸಿ
ಒಮ್ಮೆ ಕೆಮ್ಮಿ ನಿಂತಿತು.
ಓಡಿಹೋಗಲು ಕಾಲೆತ್ತಿದೆ.
ಅಷ್ಟರಲ್ಲಿ ಹೊರಟೇಹೋಯಿತು.