ಎರವಲು

ಹನ್ನೊಂದು ತಿಂಗಳ ಫೆಲೋಶಿಪ್.
ತಿಂಗಳಿಗೆ ಮೂವತ್ತೆರಡು ಸಾವಿರ, ಓಡಾಟದ ಖರ್ಚು ಬೇರೆ,
ಒಂದು ರೆಕಾರ್ಡರು, ಅದರ ತಲೆಗೆ ಕರಿ ಸ್ಪಂಜಿನ ಟೊಪ್ಪಿ.
ವಿಷಯ: ಕಾಫಿ ತೋಟದ ಲೈನ್ ಮನೆಗಳಲ್ಲಿ ಉಳಿದ ಕತೆಗಳು.
ಮಡಿಕೇರಿಯ ಸಂದರ್ಶನದಲ್ಲಿ ಒಬ್ಬರು ಕೇಳಿದ್ದರು,
ಇದರಿಂದ ಸಮುದಾಯಕ್ಕೇನು ಲಾಭ?
ಚೆನ್ನಾಗಿಯೇ ಉತ್ತರಿಸಿದ್ದೆ. ಈಗ ನೆನಪಿಲ್ಲ.

ತಿತಿಮತಿ ದಾಟಿ ಬಸ್ಸಿಳಿದು
ಆನೆ ಮುರಿದ ಬೇಲಿಯ ಪಕ್ಕದಲ್ಲೇ ಮುಕ್ಕಾಲು ಮೈಲಿ.
ಬೊಳ್ಳಿ ಕಣದಲ್ಲಿ ಕಾಫಿ ಹರಡುತ್ತಿದ್ದಳು,
ಪಾದದಿಂದಲೇ, ಗೆರೆಗೆರೆಯಾಗಿ.
'ನಿಂಗೆ ತಿಂಗಳಿಗೆಷ್ಟು?'
ಹೇಳಿದೆ.
ಕಿಲೋಗೆ ಇಷ್ಟು, ದಿನಕ್ಕೆ ಇಷ್ಟು ಕಿಲೋ ಎಂದು ಬೆರಳು ಮಡಚಿದಳು,
ಸಾಲದೆ ಮೊಮ್ಮಗಳು ಬಿಂದುವಿನ ಕೈಯನ್ನೂ ಎಳೆದುಕೊಂಡಳು.
'ಬರೀ ಕೇಳೋದಕ್ಕೆ ಇಷ್ಟಾ? ಹಂಗಾರೆ ಸರಿಯಾಗಿ ಕೇಳು.'

ಆಮೇಲೆ, 'ಮನೆ ಹೆಸರು?'
ಅದನ್ನೂ ಹೇಳಿದೆ.
'ಓ.'
ಕಣದಲ್ಲಿ ಇನ್ನೊಂದು ಗೆರೆ.

ನಾಲ್ಕು ಸಂಜೆ, ಒಂದೇ ಕತೆ.
ರಾವುಳದಲ್ಲಿ ಹೇಳಿ, ನನಗಾಗಿ ಕನ್ನಡಕ್ಕೆ ತಿರುಗಿಸಿ,
ನಡುವೆ ಪಕ್ಕದ ಮನೆಯ ಕುಕ್ಕರಿನ ಸೀಟಿ, ಆನೆ ಬೆದರಿಸುವ ಪಟಾಕಿ.
ಧಣಿಗೆ ಹೆದರಿ ಬಿದಿರಿನೊಳಗೆ ಅಡಗಿದ ಹುಡುಗಿ
ಹೊರಗೆ ಬರಲೇ ಇಲ್ಲ.
ನಲವತ್ತು ವರ್ಷಕ್ಕೆ ಬಿದಿರು ಹೂಬಿಟ್ಟು
ಅಕ್ಕಿಯಾಗಿ ಉದುರಿದಳಂತೆ.
ಆ ಗಂಜಿ ಉಂಡವರಿಗೆಲ್ಲ
ಧಣಿಯ ಹೆಸರು ಮರೆತೇಹೋಯಿತಂತೆ.

ಐದನೆಯ ಸಂಜೆ ಒಪ್ಪಿಗೆ ಪತ್ರ ತೆಗೆದೆ.
ಮೂರು ಪುಟ, ನಾನೇ ಎರಡು ಸಲ ಓದಬೇಕಾದ ಕನ್ನಡ.
ತಳದಲ್ಲಿ ಚೌಕ: ಸಹಿ ಅಥವಾ ಹೆಬ್ಬೆಟ್ಟು.
ಶಾಯಿ ಡಬ್ಬಿ ಕಂಡದ್ದೇ
ಬೊಳ್ಳಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.
'ಅಪ್ಪ ಒತ್ತಿದ್ದ ಒಂದ್ಸಲ.
ಹತ್ತು ರೂಪಾಯಿಗೆ, ಒಂದು ಕಂಬಳಿಗೆ.
ಕಂಬಳಿ ಎರಡು ಮಳೆಗೆ ಹರಿದೋಯ್ತು.
ಹೆಬ್ಬೆಟ್ಟು, ನಾನು ದೊಡ್ಡೋಳಾದ್ರೂ ಹರೀಲಿಲ್ಲ.'

ಟೊಪ್ಪಿ ಹಾಕಿಕೊಂಡು ರೆಕಾರ್ಡರು ಓಡುತ್ತಲೇ ಇತ್ತು.
ಆರಿಸಿದೆ.

ಬೊಳ್ಳಿ ಬಿಂದುವಿನ ಗಣಿತದ ಪುಸ್ತಕ ತರಿಸಿದಳು,
ಕೊನೆಯ ಹಾಳೆ.
'ಬರಿ. ಕತೆ, ಒಂದು. ತಗೊಂಡೋಳು ಇವಳು. ತಾರೀಕು ಹಾಕು.'
ಬಿಂದು ಮೇಲೆ ದೊಡ್ಡಕ್ಷರದಲ್ಲಿ 'ಎರವಲು' ಎಂದು ಬರೆದು ಅಡಿಗೆರೆ ಎಳೆದಳು,
ಶಾಲೆಯ ಲೈಬ್ರರಿಯಲ್ಲಿ ಹಾಗೇ ಬರೆಯುತ್ತಾರಂತೆ.
'ವಾಪಸ್ ಯಾವತ್ತು ಅಂತ ಬರೀಲಿ ಅಜ್ಜಿ?'
'ಜಾಗ ಬಿಡು.'
ನಾನು ಪೆನ್ನು ತೆಗೆದೆ.
'ಸಹಿ ಬ್ಯಾಡ,' ಎಂದಳು ಬೊಳ್ಳಿ,
ಶಾಯಿ ಡಬ್ಬಿಯನ್ನು ನನ್ನತ್ತ ನೂಕಿ.

ಕಚೇರಿಯಿಂದ ಪತ್ರ ಬಂದಿದೆ:
ನಮೂನೆ ಏಳು ಖಾಲಿ ಇದೆ,
ಕೊನೆಯ ಕಂತು ತಡೆಹಿಡಿಯಲಾಗಿದೆ.

ಹೆಬ್ಬೆರಳಿನ ನೀಲಿ ಮೂರು ದಿನ ಹೋಗಲಿಲ್ಲ,
ಅನ್ನ ಕಲಸುವಾಗೆಲ್ಲ ಕಾಣುತ್ತಿತ್ತು.
ನಮ್ಮ ಅಟ್ಟದ ಮೇಲೆ ತಾತನ ಕಾಲದ ತಗಡಿನ ಪೆಟ್ಟಿಗೆಯೊಂದಿದೆ,
ಹಳೇ ಕಾಗದ ಅಷ್ಟೇ ಎನ್ನುತ್ತಾರೆ.
ಕೀಲಿ ಎಲ್ಲಿದೆ ಅಂತ ಅವ್ವನಿಗೆ ಗೊತ್ತು.
ಇನ್ನೂ ಕೇಳಿಲ್ಲ.