ಎಡಗಡೆಯ ಹುಲ್ಲು

ಸುದ್ದಿ ಬಂದಾಗ ನಾನು
ಹನ್ನೊಂದನೇ ನಂಬರಿನ ಬಾಡಿಗೆ ಬೂಟಿಗೆ ಪೌಡರ್ ಉದುರಿಸುತ್ತಿದ್ದೆ.
ಟೊಲೀಡೊ, ಡಿಸೆಂಬರ್, ಮಂಗಳವಾರ ಸಂಜೆ;
ಹೊರಗೆ ಮೌಮೀ ನದಿ ಅಂಚಿನಿಂದ ಒಳಕ್ಕೆ
ಹೆಪ್ಪುಗಟ್ಟುತ್ತ ಬರುತ್ತಿತ್ತು.
ಬೌಲಿಂಗ್ ಆಲಿಯ ರೇಡಿಯೊ ಹೇಳಿತು:
ಶೂಜಿ ನಾರುಮಿ, ಔಟ್‌ಫೀಲ್ಡರ್, ವಯಸ್ಸು ಇಪ್ಪತ್ತೇಳು,
ಐದು ವರ್ಷಕ್ಕೆ ಸಹಿ ಹಾಕಿದ್ದಾನೆ —
ನಮಗಲ್ಲ.
ಅವರಿಗೆ.

ಅವರು ಅಂದರೆ, ಸರೋವರದ ದಂಡೆ ಹಿಡಿದು
ಎರಡು ಗಂಟೆ ಕಾರು ಓಡಿಸಿದರೆ ಸಿಗುವವರು.
ಕತ್ತಲಾದ ಮೇಲೆ ಹಾವಿನ ಹೆಸರೆತ್ತದ ಹಾಗೆ
ಆ ತಂಡದ ಹೆಸರನ್ನು ಇಲ್ಲಿ ಯಾರೂ ಎತ್ತುವುದಿಲ್ಲ.
ಏಳನೇ ಹಾದಿಯಲ್ಲಿ ಯಾರೋ ಬಿಟ್ಟ ಚೆಂಡು
ಉರುಳುತ್ತ ಉರುಳುತ್ತ ಹೋಗಿ
ಒಂದು ಪಿನ್ನನ್ನೂ ಮುಟ್ಟದೆ ಚರಂಡಿಗೆ ಬಿತ್ತು.

ಆಮೇಲೆ ಶುರುವಾಯಿತು.
ಕ್ಯಾಸಿಮಿರ್ ವೊಯ್ಟಾಸ್, ಗಾಜಿನ ಕಾರ್ಖಾನೆಯಿಂದ ನಿವೃತ್ತ,
"ಅಲ್ಲಿನ ಪಿಚರ್‌ಗಳು ಬೇರೆ, ಇಲ್ಲಿನ ವೇಗ ಬೇರೆ,
ಮೇ ತಿಂಗಳೊಳಗೆ ತಿಳಿಯುತ್ತೆ ಬಿಡಿ" ಎಂದ.
ಹೋದ ವಾರ ಇದೇ ಬಾಯಿ
ಇದೇ ಹುಡುಗನನ್ನು ನಮಗೆ ತನ್ನಿ ಎಂದು
ಮಾಲೀಕರಿಗೆ ನಾಲ್ಕು ಪುಟದ ಕಾಗದ ಬರೆಸಿತ್ತು.
(ಬರೆದವಳು ನಾನು. ಅವನ ಕೈ ನಡುಗುತ್ತದೆ.)
ಸಿಗದ ದ್ರಾಕ್ಷಿಗೆ ಎಷ್ಟು ಬೇಗ ಹುಳಿಯೇರುತ್ತದೆ!

ಡೆಲ್ಬರ್ಟ್ ಬೀರು ಲೋಟದಡಿಯ ಕಾಗದದ ಮೇಲೆ ಲೆಕ್ಕ ಹಾಕಿದ:
ಐದು ವರ್ಷ, ಇಷ್ಟು ಕೋಟಿ, ಒಂದು ಕ್ಯಾಚಿಗೆ ಇಷ್ಟು,
ಸುಮ್ಮನೆ ನಿಂತು ಉಗುಳಿದರೂ ಇಷ್ಟು —
ಪಕ್ಕದಲ್ಲಿ ತನ್ನ ಲಾರಿಯ ಕಂತು ಬರೆದು ನೋಡಿ
ಪೆನ್ನಿಗೆ ಮುಚ್ಚಳ ಹಾಕಿದ.

ರೊಸಾಲಿಂಡ್‌ಗೆ ಸಿಟ್ಟು ನಾರುಮಿಯ ಮೇಲಲ್ಲ.
"ಹತ್ತು ವರ್ಷದಿಂದ ನಮ್ಮ ಎಡಗಡೆಯ ಹುಲ್ಲಿಗೆ
ಒಬ್ಬ ಕಾವಲಿನವನು ಸಿಕ್ಕಿಲ್ಲ.
ಮೊಣಕಾಲು ಸವೆದವರು, ಬೇರೆಡೆ ಬೇಡವಾದವರು;
ಒಬ್ಬನಂತೂ ಬಿಸಿಲಿಗೆ ಚೆಂಡು ಕಾಣದೆ
ತಲೆ ಮೇಲೆ ಗ್ಲವ್ ಇಟ್ಟುಕೊಂಡು ಕೂತುಬಿಟ್ಟ.
ಇವನನ್ನು ಕೇಳಿದರಾ ನಮ್ಮವರು? ಬಾಯಿಮಾತಿಗಾದರೂ?"

ಆಗ ಎಲ್ಲರ ಕತ್ತೂ, ಯಾರೂ ಹೇಳದೆ,
ಮೂರನೇ ಹಾದಿಯ ಮಿಸೆಸ್ ಓಕಿಮೊಟೊ ಕಡೆ ತಿರುಗಿತು,
ಅವಳೇನೋ ಅವನ ಸೋದರತ್ತೆ ಎಂಬಂತೆ.
ಅವಳು ಚೆಂಡು ಒರೆಸುವುದನ್ನು ನಿಲ್ಲಿಸಲಿಲ್ಲ.
"ನಾನು ಹುಟ್ಟಿದ್ದು ಫ್ರೀಮಾಂಟ್‌ನಲ್ಲಿ, ಕೆಚಪ್ ಕಾರ್ಖಾನೆಯ ಹಿಂದೆ.
ಜಪಾನಿಯಲ್ಲಿ ನನಗೆ ಬರುವುದು
ಅಜ್ಜಿ ಬೈಯುತ್ತಿದ್ದ ಮೂರು ಮಾತು.
ಏಪ್ರಿಲ್‌ನಲ್ಲಿ ಬರಲಿ ಅವನು,
ಮೂರನ್ನೂ ಅವನಿಗೇ ಎತ್ತಿಟ್ಟಿದ್ದೇನೆ."
ನಕ್ಕೆವು, ಬೇಕಾದ್ದಕ್ಕಿಂತ ಜೋರಾಗಿ.
ಕತ್ತುಗಳು ನಾಚಿ ತಮ್ಮ ತಮ್ಮ ಜಾಗಕ್ಕೆ ಮರಳಿದವು.

ಏಪ್ರಿಲ್ ಬಂತು. ಅವನೂ ಬಂದ.
ಟಿವಿಯಲ್ಲಿ ಕಂಡದ್ದಕ್ಕಿಂತ ಗಿಡ್ಡ, ಟೋಪಿ ಕಿವಿವರೆಗೆ.
ಒಬ್ಬನೇ ಗೋಡೆಯ ಬಳಿ ಹೋಗಿ
ಅಂಗೈಯಿಂದ ತಟ್ಟಿ ತಟ್ಟಿ ನೋಡಿದ,
ಬಾಡಿಗೆ ಮನೆ ನೋಡಲು ಬಂದವನ ಹಾಗೆ.
ನಾವು ಎಡಗಡೆಯ ಅಗ್ಗದ ಸಾಲಿನಲ್ಲಿ, ಸರಿಯಾಗಿ ಅವನ ಬೆನ್ನಿಗೆ.
ಬೈದೆವು. ಟಿಕೆಟ್ ಕೊಂಡಿದ್ದೇ ಅದಕ್ಕೆ.
ಮಿಸೆಸ್ ಓಕಿಮೊಟೊ ಎದ್ದು ನಿಂತು
ಮೂರರಲ್ಲಿ ಮೊದಲನೆಯದನ್ನು ಕೂಗಿದಳು.
ಅವನು ತಟ್ಟನೆ ತಿರುಗಿದ,
ಟೋಪಿ ತೆಗೆದು ಸೊಂಟ ಬಗ್ಗಿಸಿದ.
"ಏನಂದಿರಿ?" ಎಂದೆ.
"ಗೊತ್ತಿಲ್ಲ" ಎಂದಳು, ಕೂತು, ತುಸು ಹೊತ್ತಿನ ಮೇಲೆ.
"ಊಟದ ಹೊತ್ತಿನಲ್ಲೇ ಅನ್ನುತ್ತಿದ್ದಳು ಅಜ್ಜಿ.
ಬೈಗುಳವೇ ಅಲ್ಲವೇನೋ."
ಉಳಿದೆರಡನ್ನು ಆಮೇಲೆ ಅವಳು ಆಡಲಿಲ್ಲ.

ಎಂಟನೇ ಇನ್ನಿಂಗ್. ನಮ್ಮವನು ಮೂರನೇ ಬೇಸಿನಲ್ಲಿ,
ಸಮವಾಗಲು ಒಂದೇ ಓಟ ಬಾಕಿ.
ಚೆಂಡು ಎತ್ತರಕ್ಕೆದ್ದು ನಮ್ಮ ಕಡೆಗೇ ಬಂತು.
ಗೋಡೆಗೆ ಬೆನ್ನು ತಾಗಿಸಿ ಹಿಡಿದ.
ನಮ್ಮವನು ಓಡಿದ — ಓಡಬೇಕಾದ್ದೇ,
ಅಷ್ಟು ದೂರದಿಂದ ತಡೆಯುವವರಾರು?
ಆ ಎಸೆತ
ನೆಲ ಮುಟ್ಟಲಿಲ್ಲ.
ಈ ತುದಿಯಿಂದ ಆ ತುದಿಗೆ ದಾರ ಎಳೆದ ಹಾಗೆ ಹೋಗಿ
ಕ್ಯಾಚರನ ಗ್ಲವ್‌ನಲ್ಲಿ, ಅಂಚೆಯವನು ಕಾಗದ ಇಡುವ ಹಾಗೆ,
ಕೂತಿತು.
ಔಟ್.

ಮೂವತ್ತು ಸಾವಿರ ಬಾಯಿ ಮುಚ್ಚಿದವು.
ಆ ಮೌನದಲ್ಲಿ ಒಂದು ಜೊತೆ ಕೈ ಮಾತ್ರ
ಚಪ್ಪಾಳೆ ತಟ್ಟುತ್ತಿತ್ತು.
ಯಾರದೀ ದ್ರೋಹ ಎಂದು ಕ್ಯಾಸಿಮಿರ್ ಹುಡುಕಿದ,
ರೊಸಾಲಿಂಡ್ ಎದ್ದು ಹುಡುಕಿದಳು,
ನಾನೂ ಹುಡುಕಿದೆ,
ಅಂಗೈ ಉರಿಯುವವರೆಗೆ.